ಮನೆ ಮಾರುವ ಮುನ್ನ ಕಾಗದ ನೋಡಿ

ಪೇಟೆಯ ಹಳೆಯ ಮನೆಗೆ ಗಿರಾಕಿಯೇ ಸಿಗುತ್ತಿಲ್ಲವೆಂದು ಸದಸ್ಯ ಬಾಂಧವರು ಸಂಘಕ್ಕೆ ಬಂದಾಗ ಹೇಳಿಕೊಳ್ಳುವುದುಂಟು. ತೋಟದ ಸಾಲಕ್ಕೋ ಮಗಳ ಮದುವೆಗೋ ಮಾರಲು ಹೊರಟವರಿಗೆ ಕಾಯುವ ವ್ಯವಧಾನ ಎಲ್ಲಿಯದು? ಕೂಡಲೇ ಬೆಲೆ ಇಳಿಸುತ್ತಾರೆ. ನಮಗೆ ಅದು ಸರಿ ಕಾಣದು.

ವ್ಯಾಪಾರ ಮಂದವಿದ್ದಾಗ ಬರುವ ಒಬ್ಬಿಬ್ಬರೂ ಬ್ಯಾಂಕಿನ ಸಾಲ ನೆಚ್ಚಿ ಬಂದವರಾಗಿದ್ದರೆ, ಕಾಗದದಲ್ಲಿ ಕುಂದು ಕಂಡೊಡನೆ ಹಿಂದೆ ಸರಿಯುತ್ತಾರೆ. ಖಾತೆ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿದೆಯೇ? ಮೊದಲು ಬದಲಾಯಿಸಿಕೊಳ್ಳಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು ನಮೂನೆ ಬೇಕು. ಎಂದೋ ತೀರಿಸಿದ ಸಾಲದ ಅಡಮಾನ ಋಣಭಾರ ಪತ್ರದಲ್ಲಿ ಉಳಿದಿದ್ದರೆ ಅದನ್ನು ತೆಗೆಸಬೇಕು. ಸಂಘದ ಸಾಲಕ್ಕೂ ಇದೇ ಮಾತು.

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಮನೆಯಾದರೆ ಅಕ್ಕತಂಗಿಯರೊಡನೆ ಮೊದಲೇ ಮಾತಾಡಿ. 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. "ಅವಳು ಸಹಿ ಹಾಕದೆ ಇರ್ತಾಳೆಯೇ" ಎಂದು ಮುಂಗಡ ಹಿಡಿದು, ಕಡೆಗೆ ಅದನ್ನೂ ಮರಳಿಸಿ ತಂಗಿಯ ವಿಶ್ವಾಸವನ್ನೂ ಕಳೆದುಕೊಂಡವರನ್ನು ನಾವು ಬಲ್ಲೆವು.

ಮುಂಗಡವನ್ನು ಚೆಕ್ಕಿನಲ್ಲೇ ಪಡೆಯಿರಿ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂ. ಅಥವಾ ಹೆಚ್ಚಿನ ಮುಂಗಡ ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ 2015ರಿಂದ ಸಾಮಾನ್ಯವಾಗಿ ತಡೆಯಿದೆ.

ಸೋರಿದ ಗುರುತಿನ ಮೇಲೆ ಸುಣ್ಣ ಬಳಿಯುವುದು ಬೇಡ, ಒಡೆದ ಹೆಂಚು ಬದಲಿಸಿ. ಮಲೆನಾಡಿನವನು ಒಳಗೆ ಬಂದೊಡನೆ ಕತ್ತೆತ್ತಿ ನೋಡುವುದು ಮಾಡನ್ನೇ!

ಇಷ್ಟಾದ ಮೇಲೂ ಯಾರೂ ಬಾರದಿದ್ದರೆ, ಅದೇ ಬೀದಿಯಲ್ಲಿ ಈಚೆಗೆ ನಿಜವಾಗಿ ಕ್ರಯವಾದ ಮನೆಗಳ ದರ ವಿಚಾರಿಸಿ, ಆಮೇಲೆ ಬೆಲೆ ಇಳಿಸಿ.