ಪಹರೆಗೂ ಪಹರೆ

ತಾಳವಾಡಿ ಬೆಟ್ಟಗಳ ಹೊಲದಲ್ಲಿ ಅಟ್ಟಣೆಯೇರಿ ಆನೆ ಕಾಯುವವನು ನೋಡಬೇಕು, ಕೂಗಬೇಕು. ಫಸಲನ್ನು ಕೊಯ್ಯುವ ಹಕ್ಕು ಅವನದಲ್ಲ. ಸರ್ವರಿನ ಪಹರೆಯಲ್ಲೂ (ಈ ಪದ ಮರಾಠಿಗೂ ನಮಗೂ ಸಮಾನ) ಅದೇ ಭೇದವಿರಬೇಕು. ಜಾವಾ ತಂತ್ರಾಂಶದ ಮೆಮೊರಿ ಬಳಕೆ ಮುಂತಾದವನ್ನು ದೂರದಿಂದ ತೋರಿಸುವ ಜೆಎಂಎಕ್ಸ್‌ನ ಮಾದರಿ ಕಡತದಲ್ಲಿ ‘ಮಾನಿಟರ್‌ರೋಲ್’ ಕೇವಲ ಓದಬಲ್ಲದು. ‘ಕಂಟ್ರೋಲ್‌ರೋಲ್’ ತಿದ್ದಲೂ ಬಲ್ಲದು. ಪಾಸ್‌ವರ್ಡ್ ಕಡತವನ್ನು ಅದರ ಒಡೆಯನಲ್ಲದವರೂ ಓದುವಂತಿದ್ದರೆ ಜಾವಾ ಆರಂಭವಾಗಲು ಒಪ್ಪುವುದೇ ಇಲ್ಲ. ಈ ಹಠ ಮೆಚ್ಚತಕ್ಕದ್ದು. ಆದರೂ ಅವಸರದಲ್ಲಿ ದೃಢೀಕರಣವನ್ನೂ ಎಸ್‌ಎಸ್‌ಎಲ್ ಅನ್ನೂ ‘ಫಾಲ್ಸ್’ ಎಂದು ಬರೆಯುವವರುಂಟು. ಆಗ ಪೋರ್ಟನ್ನು ತಲುಪಿದ ಯಾರೇ ಆಗಲಿ, ವಿದ್ಯಾರ್ಥಿಗಳ ಅಂಕಗಳನ್ನು ಹೊತ್ತ ಯಂತ್ರದ ಹಿಡಿತವನ್ನೇ ಪಡೆಯಬಹುದು. ಎಸ್‌ಎಸ್‌ಎಲ್ ಒಂದನ್ನೇ ಬಿಟ್ಟರೂ ಪಾಸ್‌ವರ್ಡ್ ಜಾಲದಲ್ಲಿ ಬಯಲಾಗಿ ಸಾಗುತ್ತದೆ. ಅದೇ ಯಂತ್ರದಲ್ಲಿ, ಅದೇ ಬಳಕೆದಾರನಾಗಿ ಕುಳಿತು ಜೆಕನ್ಸೋಲ್‌ನಿಂದ ನೋಡುವುದಾದರೆ ದೂರದ ಪೋರ್ಟನ್ನು ತೆರೆಯುವ ಅಗತ್ಯವೇ ಇಲ್ಲ.