ಬಸ್ ನಿಲ್ದಾಣ ನೆಲದಡಿಗೆ ಇಳಿಯಲಿ, ಊರಾಚೆಗೆ ಹೋಗುವುದು ಬೇಡ

ಫಿನ್ಲೆಂಡಿನ ಹೆಲ್ಸಿಂಕಿ ನಗರದ ನಡುಮಧ್ಯದಲ್ಲಿರುವ ಕಾಂಪ್ಪಿಯಲ್ಲಿ ದೂರದೂರುಗಳ ಬಸ್ ನಿಲ್ದಾಣ 2005ರಿಂದ ನೆಲದಡಿಯಲ್ಲೇ ನಡೆಯುತ್ತಿದೆ. ಮೇಲೆ ಮಳಿಗೆಗಳ ಸಂಕೀರ್ಣ, ಇನ್ನೂ ಆಳದಲ್ಲಿ ಮೆಟ್ರೊ. ಪ್ರಯಾಣಿಕರು ಹಜಾರದಲ್ಲಿ ಕಾದಿದ್ದು, ಬಸ್ಸು ಬಂದಾಗ ಗಾಜಿನ ಬಾಗಿಲು ದಾಟಿ ಹತ್ತುತ್ತಾರೆ. ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಕಾಫಿ ಸೀಮೆಗೂ ಇದಕ್ಕೂ ಸಂಬಂಧವಿದೆ. ಬೇಲೂರು, ಹಾಸನದ ಮೇಲೆ ಬೆಂಗಳೂರಿಗೆ ಬರುವವರಿಗೆ ರಾಜಧಾನಿಯ ಬಾಗಿಲು ಮೆಜೆಸ್ಟಿಕ್ ಬಸ್ ನಿಲ್ದಾಣ. ಅದರ ಮರುನಿರ್ಮಾಣದ ಮಾತು ಬಂದಾಗಲೆಲ್ಲ ಕೇಳಬೇಕಾದ ಮೊದಲ ಪ್ರಶ್ನೆ, ಜಾಗ ಸಾಲದಿದ್ದರೆ ನಿಲ್ದಾಣ ಎತ್ತ ಹೋಗಬೇಕು ಎಂಬುದು. ಊರಾಚೆಗಲ್ಲ, ನೆಲದಡಿಗೆ ಎಂಬುದು ಈ ಲೇಖನದ ವಾದ.

ಊರಾಚೆಯ ದಾರಿಯನ್ನು ನಾವು ಆಗಲೇ ಪರೀಕ್ಷಿಸಿದ್ದೇವೆ. ತುಮಕೂರು ರಸ್ತೆಯ ಪೀಣ್ಯದಲ್ಲಿ ಕಟ್ಟಿದ ಬಸವೇಶ್ವರ ಬಸ್ ನಿಲ್ದಾಣ 2014ರಲ್ಲಿ ಉದ್ಘಾಟನೆಯಾಯಿತು. ಮೆಜೆಸ್ಟಿಕ್‌ನ ಒತ್ತಡ ತಗ್ಗಿಸಲು ಹಲವು ಜಿಲ್ಲೆಗಳ ಬಸ್ಸುಗಳನ್ನು ಅಲ್ಲಿಂದ ಹೊರಡಿಸಿದರು. ಜನ ಒಪ್ಪಲಿಲ್ಲ; ಬಸ್ಸುಗಳು ಮೆಜೆಸ್ಟಿಕ್‌ಗೇ ಮರಳಿದವು. ಕಾರಣ ಸರಳ: ಆಸ್ಪತ್ರೆಗೋ ಕಚೇರಿಗೋ ಬಂದವರು ಪೀಣ್ಯದಲ್ಲಿಳಿದು, ಗಂಟುಮೂಟೆ ಹೊತ್ತು ಇನ್ನೊಂದು ಬಸ್ಸಿಗೆ ಕಾಯಬೇಕಿತ್ತು. ಮೆಜೆಸ್ಟಿಕ್‌ನಲ್ಲಿ ರೈಲು, ನಗರ ಸಾರಿಗೆ, ಮೆಟ್ರೊ ಮೂರೂ ಕೂಗಳತೆಯಲ್ಲಿವೆ. ಈ ಕೂಡುವಿಕೆಯೇ ನಿಲ್ದಾಣದ ನಿಜವಾದ ಆಸ್ತಿ. ಕಟ್ಟಡವನ್ನು ಬೇರೆಡೆ ಕಟ್ಟಬಹುದು, ಈ ಕೂಡುವಿಕೆಯನ್ನು ಹಾಗೆ ಎತ್ತಿಡಲಾಗದು.

ಆಕ್ಷೇಪಣೆಗಳು ಹಗುರವಲ್ಲ. ಮೊದಲನೆಯದು ಹೊಗೆ. 1993ರಲ್ಲಿ ತೆರೆದ ಟೆಲ್ ಅವೀವ್‌ನ ಬೃಹತ್ ನಿಲ್ದಾಣದ ತಳ ಅಂತಸ್ತುಗಳು ಕೆಲವೇ ವರ್ಷಗಳಲ್ಲಿ ಬಳಕೆ ತಪ್ಪಿದವು. ಆದರೆ ಅಮೆರಿಕದ ಸಿಯಾಟಲ್ ನಗರ 1990ರಲ್ಲಿ ಸುರಂಗ ಮಾರ್ಗ ತೆರೆದಾಗ, ಹೊರಗೆ ಡೀಸೆಲ್ಲಿನಲ್ಲಿ, ಒಳಗೆ ವಿದ್ಯುತ್ತಿನಲ್ಲಿ ಓಡುವ ಬಸ್ಸುಗಳನ್ನು ತಂದಿತು. ನಮ್ಮ ಸಾರಿಗೆ ನಿಗಮಗಳಲ್ಲೂ ಈಗ ವಿದ್ಯುತ್ ಬಸ್ಸುಗಳಿವೆ. ನೆಲದಡಿಗೆ ಮೊದಲು ಇಳಿಯಬೇಕಾದದ್ದು ಅವೇ. ಜೊತೆಗೆ ಬ್ಯಾಟರಿ ಬೆಂಕಿಯನ್ನು ಎದುರಿಸುವ ಸಿದ್ಧತೆಯೂ ಬೇಕು. ಎರಡನೆಯದು ನೀರು. ಮೆಜೆಸ್ಟಿಕ್ ನಿಂತಿರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. 2023ರ ಮೇ ತಿಂಗಳ ಮಳೆಗೆ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಒಂದು ಜೀವ ಹೋದದ್ದನ್ನು ಮರೆಯಲಾಗದು. ಹಾಗೆಂದು ಈ ನೆಲ ಅಗೆಯಲಾಗದ್ದೇನೂ ಅಲ್ಲ: ಇಲ್ಲಿನ ನೆಲದಡಿಯ ಮೆಟ್ರೊ ನಿಲ್ದಾಣದಲ್ಲಿ 2016ರಿಂದ ರೈಲುಗಳು ಓಡುತ್ತಿವೆ, 2017ರಿಂದ ಎರಡು ಮಾರ್ಗಗಳು ಕೂಡುತ್ತಿವೆ. ಬಸ್ಸಿಳಿಯುವ ಇಳಿಜಾರಿನ ಬಾಯಿ ರಸ್ತೆಗಿಂತ ಎತ್ತರದಲ್ಲಿರಬೇಕು, ಪಂಪುಗಳಿಗೆ ಬೇರೆಯದೇ ವಿದ್ಯುತ್ ಮೂಲವಿರಬೇಕು. ರಾಜಕಾಲುವೆಗಳ ಹೂಳೆತ್ತುವ ಕೆಲಸ ಅಗೆತಕ್ಕಿಂತ ಮೊದಲು ಆಗಬೇಕು.

ಮೂರನೆಯದು ಖರ್ಚು. ಬೆಂಗಳೂರಿನ ಗುಂಡಿಗೆ ಅರೇಹಳ್ಳಿಯವರ ತೆರಿಗೆ ಯಾಕೆ ಎಂದು ಕೇಳಬಹುದು. ನೆಲದಡಿಯ ಕಟ್ಟೋಣ ದುಬಾರಿಯೇ ಸರಿ. ಆದರೆ ನಿಲ್ದಾಣ ಊರಾಚೆಗೆ ಹೋದರೆ ಆ ಖರ್ಚು ಮಾಯವಾಗುವುದಿಲ್ಲ. ಪ್ರತಿ ಪ್ರಯಾಣಿಕನ ಜೇಬಿನಿಂದ ಆಟೋ ಬಾಡಿಗೆಯಾಗಿ, ಕಳೆದುಹೋದ ಅರ್ಧ ದಿನವಾಗಿ ವಸೂಲಾಗುತ್ತದೆ. ಅದರ ದೊಡ್ಡ ಪಾಲು ಬೀಳುವುದು ಕಾರಿಲ್ಲದ ಹಳ್ಳಿಯವರ ಮೇಲೆ. ಹಾಗಾಗಿ ಮೆಜೆಸ್ಟಿಕ್‌ನ ನಕ್ಷೆ ಬರೆಯುವವರು ಮಳಿಗೆಗಳ ಬಾಡಿಗೆಯ ಲೆಕ್ಕಕ್ಕಿಂತ ಮೊದಲು, ಬಸ್ಸಿಳಿದವರು ಮೆಟ್ರೊಗೂ ರೈಲಿಗೂ ಎಷ್ಟು ಹೆಜ್ಜೆ ನಡೆಯಬೇಕೆಂಬ ಲೆಕ್ಕ ಹಾಕಲಿ. ಹಣ ಹಾಕುವ ಸರ್ಕಾರ ಆ ಲೆಕ್ಕವನ್ನೇ ಮೊದಲು ಕೇಳಲಿ.