ಮೊದಲೇ ಹಣ ಕಟ್ಟಿದ ಊಟ: ಲಾಭವೋ ನಷ್ಟವೋ?

ಕಳೆದ ಮೇ ತಿಂಗಳಲ್ಲಿ, ಅಂದರೆ ಪ್ರಥಮ ಪಿಯುಸಿ ಮುಗಿದ ರಜೆಯಲ್ಲಿ, ಒಂದು ರಾತ್ರಿ ಅಮೆರಿಕದಿಂದ ನಮ್ಮ ಖಾಲಾ ಫೋನ್ ಮಾಡಿದರು. ಖಾಲಾ ಎಂದರೆ ಅಮ್ಮಿಯ ತಂಗಿ. ಅವರು ಎರಡು ವರ್ಷ ದುಡ್ಡು ಕೂಡಿಟ್ಟು, ಮಕ್ಕಳನ್ನು ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗಲು ತಯಾರಾಗಿದ್ದರು. “ನೀನು ಕಾಮರ್ಸ್ ಓದ್ತೀಯಲ್ಲ, ಇಲ್ಲಿ ಊಟಕ್ಕೆ ಮೊದಲೇ ದುಡ್ಡು ಕಟ್ಟೋ ಪ್ಲಾನ್ ಒಂದಿದೆ. ತಗೊಳ್ಳೋದಾ ಬೇಡ್ವಾ, ಹಿಸಾಬ್ ಮಾಡಿ ಹೇಳು” ಎಂದರು.

ಮನೆಯಲ್ಲಿ ಮೊದಲ ಸಲ ನನ್ನ ಓದಿಗೆ ಒಂದು ಕೆಲಸ ಸಿಕ್ಕಿತ್ತು. ಹತ್ತೇ ನಿಮಿಷದಲ್ಲಿ ಲೆಕ್ಕ ಹಾಕಿ “ತಗೊಳ್ಳಿ ಖಾಲಾ, ಲಾಭ ಇದೆ” ಎಂದುಬಿಟ್ಟೆ. ಆ ಉತ್ತರ ತಪ್ಪಾಗಿತ್ತು. ಹೇಗೆ ತಪ್ಪಾಯಿತು ಎಂದು ಹೇಳುವುದೇ ಈ ಲೇಖನದ ಉದ್ದೇಶ. ಮುಂದಿನ ತಿಂಗಳ ನಮ್ಮ ಕಾಲೇಜು ಪ್ರವಾಸಕ್ಕೂ ಇದೇ ಲೆಕ್ಕ ಬೇಕಾಗುತ್ತದೆ.

ಪ್ಲಾನ್ ಎಂದರೇನು?

ಡಿಸ್ನಿ ವರ್ಲ್ಡ್ ಒಂದೇ ಪಾರ್ಕ್ ಅಲ್ಲ. ಒರ್ಲ್ಯಾಂಡೊ ನಗರದ ಹತ್ತಿರ 1971ರಲ್ಲಿ ಶುರುವಾದ ಅಲ್ಲಿ ಈಗ ನಾಲ್ಕು ದೊಡ್ಡ ಥೀಮ್ ಪಾರ್ಕ್‌ಗಳೂ ಅನೇಕ ಹೋಟೆಲ್‌ಗಳೂ ಇವೆ. ಅವರ ಹೋಟೆಲಿನಲ್ಲಿ ತಂಗುವವರು ಬುಕಿಂಗ್ ಜೊತೆಗೇ ಊಟದ ಪ್ಲಾನ್ ಕೊಳ್ಳಬಹುದು. ಕೊರೊನಾ ಸಮಯದಲ್ಲಿ ನಿಂತಿದ್ದ ಈ ಪ್ಲಾನ್ 2024ರ ಜನವರಿ 9ರಿಂದ ಮತ್ತೆ ಶುರುವಾಯಿತು. ಅದರಲ್ಲಿ ಎರಡು ಬಗೆ.

ಒಂದನೆಯದು ಕ್ವಿಕ್ ಸರ್ವಿಸ್. ರಾತ್ರಿ ಒಂದಕ್ಕೆ ಎರಡು ಕೌಂಟರ್ ಊಟ, ಒಂದು ತಿಂಡಿ. 2024ರಲ್ಲಿ ದೊಡ್ಡವರಿಗೆ 57.01 ಡಾಲರ್, 3ರಿಂದ 9 ವರ್ಷದ ಮಕ್ಕಳಿಗೆ 23.83 ಡಾಲರ್.

ಎರಡನೆಯದು ದುಬಾರಿ. ಒಂದು ಕೌಂಟರ್ ಊಟ, ಬಡಿಸುವವರು ಇರುವ ಹೋಟೆಲಿನಲ್ಲಿ ಕುಳಿತು ತಿನ್ನುವ ಒಂದು ಊಟ, ಒಂದು ತಿಂಡಿ. 2024ರಲ್ಲಿ ದೊಡ್ಡವರಿಗೆ 94.28, ಮಕ್ಕಳಿಗೆ 29.69 ಡಾಲರ್.

ಎರಡರಲ್ಲೂ ಒಬ್ಬರಿಗೆ ಒಂದು ಮಗ್ ಕೊಡುತ್ತಾರೆ. ಅದರಲ್ಲಿ ಡಿಸ್ನಿಯ ಹೋಟೆಲ್‌ಗಳಲ್ಲಿ ಪಾನೀಯ ತುಂಬಿಸಿಕೊಳ್ಳಬಹುದು, ಪಾರ್ಕಿನೊಳಗೆ ಆಗುವುದಿಲ್ಲ.

ಕೆಲವು ನಿಯಮಗಳನ್ನು ಗಮನಿಸಿ. 10 ವರ್ಷ ತುಂಬಿದವರು ಊಟದ ಲೆಕ್ಕದಲ್ಲಿ ದೊಡ್ಡವರು. 2024ರಲ್ಲಿ ಒಂದೇ ಬುಕಿಂಗ್‌ನಲ್ಲಿರುವ 3 ವರ್ಷ ಮೇಲ್ಪಟ್ಟ ಎಲ್ಲರೂ ಅದೇ ಪ್ಲಾನ್ ಕೊಳ್ಳಬೇಕಿತ್ತು. ಬಡಿಸುವವರಿಗೆ ಕೊಡುವ ಟಿಪ್ಸ್ ಸೇರಿಲ್ಲ. ಉಳಿದ ಊಟಗಳು ಹೋಟೆಲ್ ಬಿಡುವ ದಿನದ ಮಧ್ಯರಾತ್ರಿಗೆ ರದ್ದಾಗುತ್ತವೆ, ಹಣ ವಾಪಸ್ ಬರುವುದಿಲ್ಲ.

ಖಾಲಾ ಮನೆಯವರು ನಾಲ್ಕು ಜನ: ಖಾಲಾ, ಖಾಲೂ, 12 ವರ್ಷದ ಮಗ, 7 ವರ್ಷದ ಮಗಳು. ಅಂದರೆ ಮೂವರು ದೊಡ್ಡವರು, ಒಂದು ಮಗು. ಕ್ವಿಕ್ ಸರ್ವಿಸ್‌ಗೆ ಒಂದು ರಾತ್ರಿಗೆ 194.86 ಡಾಲರ್, ನಾಲ್ಕು ರಾತ್ರಿಗೆ 779.44 ಡಾಲರ್. ಆಗ ಡಾಲರಿಗೆ ಸುಮಾರು 83 ರೂಪಾಯಿ ಇತ್ತು. ಅಂದರೆ 64 ಸಾವಿರ ರೂಪಾಯಿಗೂ ಹೆಚ್ಚು, ಬರೀ ಊಟಕ್ಕೆ!

ನಾನು ಮಾಡಿದ ತಪ್ಪು

ನಾನು ಮೆನು ತೆರೆದು, ಪ್ರತಿ ಕೌಂಟರಿನ ಅತಿ ದುಬಾರಿ ಊಟವನ್ನೂ ಅತಿ ದುಬಾರಿ ಪಾನೀಯವನ್ನೂ ಆರಿಸಿ ಕೂಡಿಸಿದೆ. ಒಬ್ಬರಿಗೆ ದಿನಕ್ಕೆ 70 ಡಾಲರ್ ದಾಟಿತು. 57 ಕೊಟ್ಟು 70ರದ್ದು ತಿಂದರೆ 13 ಡಾಲರ್ ಲಾಭ ಎಂದುಕೊಂಡೆ.

ಪಕ್ಕದಲ್ಲಿ ಅಬ್ಬಾ ದಿನದ ವ್ಯಾಪಾರದ ಚಿಲ್ಲರೆ ಎಣಿಸುತ್ತಿದ್ದರು. ಅವರದು ಬಸ್ ನಿಲ್ದಾಣದ ಹತ್ತಿರ ಸಣ್ಣ ಮೆಸ್. ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು: “ಪ್ಲಾನ್ ನೈಂ ರಹೇ ತೋ ಕ್ಯಾ ಖಾತೇ ಉನೋ?” ಪ್ಲಾನ್ ಇಲ್ಲದಿದ್ದರೆ ಅವರು ಏನು ತಿನ್ನುತ್ತಿದ್ದರು?

ನಾನು ಪಟ್ಟಿಯನ್ನು ಮತ್ತೆ ನೋಡಿದೆ. ನಾನು ಬರೆದಿದ್ದ ದುಬಾರಿ ಊಟಗಳೆಲ್ಲ ಮಾಂಸದವು. ಹಲಾಲ್ ಎಂದು ಖಚಿತವಾಗದ ಕಡೆ ಖಾಲಾ ಮನೆಯವರು ಮೀನು ಮತ್ತು ತರಕಾರಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಇನ್ನು ದುಬಾರಿ ಪಾನೀಯ? ಪ್ಲಾನಿನಲ್ಲಿ 21 ವರ್ಷ ಆದವರು ಸಾಫ್ಟ್ ಡ್ರಿಂಕ್ ಬದಲು ಬಿಯರನ್ನೋ ವೈನನ್ನೋ ತೆಗೆದುಕೊಳ್ಳಬಹುದು. ನನ್ನ ಪಟ್ಟಿಯಲ್ಲಿದ್ದದ್ದು ಅದೇ! ಅಮ್ಮಿ ನಕ್ಕರು, ನನಗೆ ನಾಚಿಕೆಯಾಯಿತು.

ಅಂದರೆ ಪ್ಲಾನಿನ ಬೆಲೆಯಲ್ಲಿ ಮಾಂಸ, ಮದ್ಯ ಎರಡರ ಪಾಲೂ ಇದೆ. ತಿನ್ನದವರಿಗೆ, ಕುಡಿಯದವರಿಗೆ ಬೆಲೆ ಕಡಿಮೆಯಾಗುವುದಿಲ್ಲ.

ಸರಿಯಾದ ಲೆಕ್ಕ

ಮರುದಿನ ಖಾಲಾ ಜೊತೆ ಕುಳಿತು, ಅಂದರೆ ವಿಡಿಯೋ ಕಾಲ್‌ನಲ್ಲಿ, ಹೊಸ ಲೆಕ್ಕ ಹಾಕಿದೆವು. ಬೆಳಗಿನ ಬ್ರೆಡ್ಡು, ಸೀರಿಯಲ್ ಅಂಗಡಿಯಿಂದ ತಂದು ರೂಮಿನಲ್ಲೇ. ಅದು ಪ್ಲಾನ್ ಇದ್ದರೂ ಇಲ್ಲದಿದ್ದರೂ ಒಂದೇ ಖರ್ಚು, ಆದ್ದರಿಂದ ಬಿಟ್ಟೆವು. ಹೋಗುವುದು ಸಂಜೆ, ಬರುವುದು ಬೆಳಿಗ್ಗೆ, ಹಾಗಾಗಿ ನಾಲ್ಕು ರಾತ್ರಿಗೆ ನಾಲ್ಕು ದಿನದ ಊಟ ಎಂದು ಹಿಡಿದೆವು.

ದೊಡ್ಡವರಿಗೆ ಮೀನಿನ ಅಥವಾ ತರಕಾರಿ ಊಟ 13 ಡಾಲರಿನಂತೆ ಎರಡು, ತಿಂಡಿ 6 ಡಾಲರ್. ಒಟ್ಟು 32. ಸಾಫ್ಟ್ ಡ್ರಿಂಕ್ ಬೇಡ, ಏಕೆಂದರೆ ಡಿಸ್ನಿ ವರ್ಲ್ಡ್‌ನ ಕೌಂಟರ್‌ಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಉಚಿತ. ಶೇ. 6.5 ಮಾರಾಟ ತೆರಿಗೆ ಸೇರಿಸಿದರೆ 34.08 ಡಾಲರ್. ಮಗುವಿಗೆ ಊಟ 8.50ರಂತೆ ಎರಡು, ತಿಂಡಿ 6, ತೆರಿಗೆ ಸೇರಿ 24.50 ಡಾಲರ್.

ನಾಲ್ವರಿಗೆ ದಿನಕ್ಕೆ 126.74, ನಾಲ್ಕು ದಿನಕ್ಕೆ ಸುಮಾರು 507 ಡಾಲರ್. ಪ್ಲಾನ್ 779. ವ್ಯತ್ಯಾಸ 272 ಡಾಲರ್!

ಇಲ್ಲಿ ಒಂದು ಸ್ವಾರಸ್ಯ ನೋಡಿ. ಆಗ ಮಗುವಿನ ಪ್ಲಾನ್ 23.83 ಇತ್ತು, ಬಿಡಿಯಾಗಿ ಕೊಂಡರೆ 24.50. ಅಂದರೆ ಮಗುವಿಗೆ ಪ್ಲಾನೇ ತುಸು ಲಾಭವಾಗಿತ್ತು. ಆದರೆ ಮಗುವಿಗೆ ಮಾತ್ರ ಕೊಳ್ಳಲು ಬಿಡುತ್ತಿರಲಿಲ್ಲವಲ್ಲ. ಕಡಿಮೆ ಬೆಲೆಯ ಮಗುವಿನ ಜೊತೆ ಮೂರು ದುಬಾರಿ ದೊಡ್ಡವರನ್ನೂ ಕೊಳ್ಳಬೇಕಿತ್ತು.

ಹಾಗಾದರೆ ಯಾರಿಗೂ ಲಾಭವಿಲ್ಲವೇ? ಇದೆ. ಎರಡನೆಯ ಪ್ಲಾನ್ ಕೊಂಡು ದಿನವೂ ಮಿಕ್ಕಿ ಮೌಸ್ ವೇಷದವರು ಮೇಜಿನ ಹತ್ತಿರ ಬರುವ ದೊಡ್ಡ ಬಫೆಯಲ್ಲಿ ಉಣ್ಣುವವರಿಗೆ ಲಾಭ. ಆ ಬಫೆಗಳಲ್ಲಿ ಕೆಲವು ಒಬ್ಬ ದೊಡ್ಡವರಿಗೆ 60 ಡಾಲರ್ ಮೀರುತ್ತವೆ. ಹೇಗೂ ಹಾಗೆಯೇ ತಿನ್ನುವವರಿಗೆ ಪ್ಲಾನ್ ಉಳಿತಾಯ. ಪ್ಲಾನ್ ಇದೆ ಎಂಬ ಕಾರಣಕ್ಕೆ ಹಾಗೆ ತಿನ್ನುವವರಿಗೆ ಅದು ಖರ್ಚು. ಖರ್ಚು ಮೊದಲೇ ಗೊತ್ತಿದ್ದರೆ ಮನಸ್ಸಿಗೆ ನೆಮ್ಮದಿ ಎನ್ನುವವರೂ ಇದ್ದಾರೆ, ಅದೂ ನ್ಯಾಯವೇ. ಆದರೆ ಆ ನೆಮ್ಮದಿಯ ಬೆಲೆ ಎಷ್ಟೆಂದು ತಿಳಿದು ಕೊಳ್ಳಬೇಕು.

ಮಾರುವವರ ಕಡೆಯಿಂದ

ಅಬ್ಬಾಗೆ ಆ ಪ್ರಶ್ನೆ ಅಷ್ಟು ಬೇಗ ಹೇಗೆ ಹೊಳೆಯಿತು? ಅವರೂ ಮುಂಗಡ ಊಟ ಮಾರುತ್ತಾರೆ. ತಿಂಗಳಿಗೆ 30 ಚೀಟಿಯ ಪುಸ್ತಕ. ಒಂಟಿಯಾಗಿ ಇರುವ ನೌಕರರು, ಹಾಸ್ಟೆಲ್ ಹುಡುಗರು ಕೊಳ್ಳುತ್ತಾರೆ. “ಮೂವತ್ತು ಚೀಟಿ ಕೊಟ್ಟರೆ ಇಪ್ಪತ್ತಾರೋ ಇಪ್ಪತ್ತೇಳೋ ವಾಪಸ್ ಬರುತ್ತೆ. ಊರಿಗೆ ಹೋಗ್ತಾರೆ, ಮದುವೆ ಊಟ ಸಿಗುತ್ತೆ, ಜ್ವರ ಬರುತ್ತೆ” ಎಂದರು.

ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಮುಂಗಡವಾಗಿ ಬಂದ ಆದಾಯ ಆಸ್ತಿಯಲ್ಲ, ಹೊಣೆ ಎಂದು ಓದಿದ್ದೇವೆ. ಅಬ್ಬಾ ಇಟ್ಟುಕೊಂಡ ದುಡ್ಡು ಊಟ ಬಡಿಸುವವರೆಗೂ ಸಾಲವೇ. ಗಿರಾಕಿ ಬಳಸದೆ ಬಿಟ್ಟ ಭಾಗಕ್ಕೆ ಲೆಕ್ಕಪತ್ರದಲ್ಲಿ ‘ಬ್ರೇಕೇಜ್’ ಎನ್ನುತ್ತಾರೆ. ದೊಡ್ಡ ಕಂಪನಿಗಳು ಅನುಸರಿಸುವ ಇಂಡ್ ಎಎಸ್ 115 ಎಂಬ ಮಾನದಂಡದಲ್ಲೂ ಇದಕ್ಕೆ ಜಾಗವಿದೆ. ಅಂದರೆ ಒಂದಷ್ಟು ಜನ ತಿನ್ನುವುದಿಲ್ಲ ಎಂಬುದು ಮುಂಗಡ ಊಟ ಮಾರುವ ಯಾರಿಗೂ ಹೊಸ ಸಂಗತಿಯಲ್ಲ. ಅದರಲ್ಲಿ ಮೋಸವೇನಿಲ್ಲ. ಕೊಳ್ಳುವವರಿಗೂ ಗೊತ್ತಿರಬೇಕು ಅಷ್ಟೇ.

ಇನ್ನೊಂದು ಮಾತು ಸಂಕ್ ಕಾಸ್ಟ್, ಅಂದರೆ ಮರಳಿ ಬಾರದ ಖರ್ಚು. ಒಮ್ಮೆ ಹಣ ಕಟ್ಟಿದ ಮೇಲೆ ಹಸಿವಿಲ್ಲದಿದ್ದರೂ “ದುಡ್ಡು ಕೊಟ್ಟಿದ್ದೇವಲ್ಲ” ಎಂದು ತಿನ್ನುತ್ತೇವೆ, ಆಟ ಬಿಟ್ಟು ಊಟದ ಸಾಲಿನಲ್ಲಿ ನಿಲ್ಲುತ್ತೇವೆ. ಹೊಟ್ಟೆ ಕೆಡಿಸಿಕೊಂಡರೆ ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ.

ಕೊನೆಗೆ ಏನಾಯಿತು?

ಖಾಲಾ ಪ್ಲಾನ್ ಕೊಳ್ಳಲಿಲ್ಲ. ಆದರೆ ಮಗಳಿಗೆ ಮಿಕ್ಕಿ ಜೊತೆ ತಿಂಡಿ ತಿನ್ನಿಸುವುದಾಗಿ ಮಾತು ಕೊಟ್ಟಿದ್ದರು. ಉಳಿಯುವ ಹಣದಲ್ಲಿ ಒಂದು ಬೆಳಿಗ್ಗೆ ಆ ಬಫೆಗೆ ಹೋದರು. ಮಿಕ್ಕಿ ಆಕಾರದ ವಾಫಲ್ ತಿನ್ನುತ್ತಿರುವ ಮಗಳ ಫೋಟೋ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂತು.

ಮನೆಗೆ ಮರಳಿದ ಮೇಲೆ ಎಲ್ಲ ಬಿಲ್ ಕೂಡಿಸಿ ಹೇಳಿದರು: ಬಫೆ, ಟಿಪ್ಸ್ ಸೇರಿ 741 ಡಾಲರ್. ನನ್ನ ಅಂದಾಜು ಇಲ್ಲೂ ಪೂರ್ತಿ ಸರಿಯಾಗಲಿಲ್ಲ. ಬಿಸಿಲಿಗೆ ಐಸ್‌ಕ್ರೀಂ ಖರ್ಚು ನಾನು ಬರೆದದ್ದಕ್ಕಿಂತ ಹೆಚ್ಚಾಗಿತ್ತು. ಪ್ಲಾನಿಗಿಂತ ಉಳಿದದ್ದು 38 ಡಾಲರ್ ಮಾತ್ರ. ಆದರೆ ಆ ದುಡ್ಡಿನಲ್ಲಿ ಅವರಿಗೆ ಬೇಕಾದದ್ದೇ ಸಿಕ್ಕಿತು.

ನಮ್ಮ ಪ್ರವಾಸಕ್ಕೆ

ಈಗ ನಮ್ಮ ವಿಷಯ. ಮುಂದಿನ ತಿಂಗಳು ನಾವು ಬೆಂಗಳೂರಿನ ಹತ್ತಿರದ ಒಂದು ಪಾರ್ಕಿಗೆ ಹೋಗುತ್ತಿದ್ದೇವೆ. ಪ್ರವೇಶದ ಜೊತೆ 400 ರೂಪಾಯಿಯ ಊಟದ ಕೂಪನ್ ಸೇರಿಸುವ ಮಾತು ನಡೆದಿದೆ. ಹೌದು ಎನ್ನುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ.

1. ಕೂಪನ್ ಇಲ್ಲದಿದ್ದರೆ ನಾನು ಏನು ತಿನ್ನುತ್ತಿದ್ದೆ, ಎಷ್ಟಕ್ಕೆ?
2. ಕೂಪನ್ನಿನಲ್ಲಿರುವುದರಲ್ಲಿ ನಾನು ತಿನ್ನುವಂಥದ್ದು ಎಷ್ಟು? ಅಡುಗೆ ಹಲಾಲ್ ಹೌದೇ? ಸಸ್ಯಾಹಾರಿ ಸಹಪಾಠಿಗಳಿಗೆ ಏನಿದೆ?
3. ಮನೆಯ ಬುತ್ತಿಯನ್ನು ಒಳಗೆ ಬಿಡುತ್ತಾರೆಯೇ? ಬಿಡದಿದ್ದರೆ ಬಸ್ಸಿನ ಬಳಿ ಕುಳಿತು ಉಣ್ಣಬಹುದೇ?
4. ಬಳಸದ ಕೂಪನ್ನಿಗೆ ಹಣ ವಾಪಸ್ ಉಂಟೇ?

ಪ್ರವಾಸ ಸಮಿತಿಯ ಉಪನ್ಯಾಸಕರಲ್ಲಿ ಒಂದು ವಿನಂತಿ. ಕೂಪನ್ನನ್ನು ಎಲ್ಲರಿಗೂ ಕಡ್ಡಾಯ ಮಾಡದೆ, ಬೇಕಾದವರು ಮಾತ್ರ ಹೆಸರು ಕೊಡುವಂತೆ ಮಾಡಿ. ನಮ್ಮ ತರಗತಿಯಲ್ಲಿ 400 ರೂಪಾಯಿ ಹೆಚ್ಚಾದರೆ ಪ್ರವಾಸವೇ ಬೇಡ ಎನ್ನುವವರು ಇದ್ದಾರೆ. ಅವರು ಕಾರಣ ಹೇಳುವುದಿಲ್ಲ, “ಅವತ್ತು ಮನೆಯಲ್ಲಿ ಕೆಲಸ ಇದೆ” ಎನ್ನುತ್ತಾರೆ. ಡಿಸ್ನಿಯ ಆಗಿನ ನಿಯಮದಲ್ಲಿ ಒಬ್ಬರು ಕೊಂಡರೆ ಎಲ್ಲರೂ ಕೊಳ್ಳಬೇಕಿತ್ತು. ನಮ್ಮ ಕಾಲೇಜಿಗೆ ಆ ನಿಯಮ ಬೇಡ.

ನಾನಂತೂ ಅಮ್ಮಿಯ ಹತ್ತಿರ ಈಗಲೇ ಹೇಳಿಟ್ಟಿದ್ದೇನೆ, ಪಲಾವ್ ಸ್ವಲ್ಪ ಜಾಸ್ತಿ ಕಟ್ಟಬೇಕೆಂದು. ಬಸ್ಸಿನ ಬಳಿ ಕುಳಿತು ಉಣ್ಣುವವರು ಬನ್ನಿ, ಒಟ್ಟಿಗೆ ತಿನ್ನೋಣ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ